ಬೂದಿದಿಬ್ಬಗಳನ್ನು ಕುರಿತ ಪ್ರಬಂಧಗಳು : ರಚನಾಕ್ರಮದ ವಿಮರ್ಶೆ

ಬಳ್ಳಾರಿ, ರಾಯಚೂರು, ಯಾದಗಿರಿ ಜಿಲ್ಲೆಗಳಲ್ಲಿಯೂ ಅವಕ್ಕೆ ಹೊಂದಿಕೊಂಡಿರುವ ತೆಲುಗುಸೀಮೆಯಲ್ಲಿಯೂ ಕಾಣಬರುವ ಬೂದಿದಿಬ್ಬಗಳು ವಿದ್ವಾಂಸರಿಗೆ ಅಪರಿಚಿತವಲ್ಲ. ಬಳ್ಳಾರಿಯಿಂದ ಹೊಸಪೇಟೆಗೆ ಹೋಗುವ ಹಾದಿಯಲ್ಲಿನ ಕುಡತಿನಿಯ ದಿಬ್ಬವನ್ನು ದಾರಿಹೋಕರೂ ಬಲ್ಲರು. ಹಂಪೆಯ ಬಳಿಯ ನಿಂಬಾಪುರದ ದಿಬ್ಬವನ್ನು ಜನರು ವಾಲಿಯನ್ನು ದಹನ ಮಾಡಿದ ಸ್ಥಳವೆನ್ನುವರು. ಬೇರೆ ಕೆಲವೆಡೆ ಅದು ರಾಕ್ಷಸರ ಬೂದಿಯೆಂಬ ಪ್ರತೀತಿಯುಂಟು. ನೂತನ ಶಿಲಾಯುಗದ ದನಗಾಹಿಗಳು ಕೂಡಿಟ್ಟ ಸಗಣಿಯು ಮತ್ತೆ ಮತ್ತೆ ಬೆಂದು ಈ ದಿಬ್ಬಗಳು ಬೆಳೆದುವೆಂಬುದು ಇಂದು ವಿದ್ವಾಂಸರಲ್ಲಿ ಬಹುಮಟ್ಟಿಗೆ ಸಿದ್ಧವಾದ ಮಾತು. ಪ್ರಕೃತ ವಿಚಾರಣೀಯವಾದುದು ಈ ಸಿದ್ಧಾಂತವಲ್ಲ. ಈ ಕ್ಷೇತ್ರದ ಮುಖ್ಯವಾದ ಕೆಲಸವೆಷ್ಟೋ ವಿಶ್ವವಿದ್ಯಾನಿಲಯದ ಪದವಿಗೆಂದು ಬರೆದ ಪ್ರಬಂಧಗಳಿಂದ ಮೊದಲಾಯಿತು. ಅವು ಯಾವ ಕ್ರಮದಿಂದ ಮುಂದೆ ಸಾಗಿದುವು, ಇಂದಿನ ಸ್ನಾತಕೋತ್ತರ ವಿದ್ಯಾರ್ಥಿಯ ಪ್ರಬಂಧವು ಅನೇಕ ವೇಳೆ ಎರಡನೆಯ ಅಧ್ಯಾಯದಲ್ಲಿಯೇ ನಿಂತುಹೋಗುವುದೇಕೆ ಎಂಬುದನ್ನು ವಿಮರ್ಶಿಸುವುದೇ ಇಲ್ಲಿಯ ಉದ್ದೇಶ.

ಕಾವ್ಯವನ್ನು ಕುರಿತು ಬರೆಯಹೊರಟವನು ನಡುವೆ ಕೈಬಿಟ್ಟರೆ ನಷ್ಟವು ಅವನಿಗೆ ಮಾತ್ರ. ಓಲೆಯ ಪ್ರತಿಯು ಭಂಡಾರದಲ್ಲಿ ಇದ್ದೇ ಇರುತ್ತದೆ, ನಾಳೆ ಮತ್ತೊಬ್ಬನು ಬಿಚ್ಚಿ ಓದಿಯಾನು. ಪ್ರಾಕ್ತನಶಾಸ್ತ್ರದಲ್ಲಿ ಹಾಗಲ್ಲ. ಒಮ್ಮೆ ಅಗೆದ ಗುಂಡಿಯನ್ನು ಮತ್ತೆ ಅಗೆಯುವಂತಿಲ್ಲ. ಸ್ತರದ ಮೇಲೆ ಸ್ತರವಾಗಿ ಕುಳಿತಿದ್ದ ಮಣ್ಣು ಕೆದರಿಹೋದ ಮೇಲೆ, ಅಗೆದವನ ಟಿಪ್ಪಣಿಯ ಪುಸ್ತಕವೂ ಅವನು ಬರೆದ ನಕ್ಷೆಗಳೂ ಮಾತ್ರ ಉಳಿಯುವುವು. ಓಲೆಯನ್ನು ಓದುತ್ತ ಓದುತ್ತಲೇ ಹರಿದು ಹಾಕುವವನ ಸ್ಥಿತಿ ಇದು; ಓದಿದುದನ್ನು ಅವನು ಬರೆದಿಡದಿದ್ದರೆ ಗ್ರಂಥವೇ ಇಲ್ಲವಾಯಿತು. ಆದುದರಿಂದ ಪ್ರಬಂಧದ ವಿಳಂಬವು ಇಲ್ಲಿ ವಿದ್ಯಾರ್ಥಿಯ ಸ್ವಂತ ಸಂಗತಿಯೆಂದು ಬಿಟ್ಟುಬಿಡತಕ್ಕ ವಿಷಯವಲ್ಲ.

ಇದಕ್ಕೆ ಪ್ರಬಂಧವಲ್ಲದ ಒಂದು ನಿದರ್ಶನವನ್ನು ಮೊದಲು ನೋಡಬಹುದು. ಅಶೋಕನ ಶಾಸನದಿಂದ ಪ್ರಸಿದ್ಧವಾದ ಚಿತ್ರದುರ್ಗ ಸೀಮೆಯ ಬ್ರಹ್ಮಗಿರಿಯಲ್ಲಿ ಮಾರ್ಟಿಮರ್ ವ್ಹೀಲರ್ ೧೯೪೭ರಲ್ಲಿ ಅಗೆಸಿದನು. ಅದರ ವರದಿಯು ತಡವಿಲ್ಲದೆ ‘ಏನ್ಷಿಯಂಟ್ ಇಂಡಿಯಾ’ ಪತ್ರಿಕೆಯ ನಾಲ್ಕನೆಯ ಸಂಚಿಕೆಯಲ್ಲಿ ಪ್ರಕಟವಾಯಿತು. ಕಲ್ಗೊಡಲಿಯ ಜನರ ಸಂಸ್ಕೃತಿಯನ್ನು ಅವನು ಕ್ರಿಸ್ತಪೂರ್ವ ಮೊದಲನೆಯ ಸಹಸ್ರಮಾನಕ್ಕೆ ಇಳಿಸಿದ್ದನು. ಇಂಗಾಲದ ಪರೀಕ್ಷೆಯಿಂದ ಕಾಲವನ್ನು ಎಣಿಸುವ ಪದ್ಧತಿಯು ಬಂದ ಮೇಲೆ ಆ ಸಂಸ್ಕೃತಿಯ ಆರಂಭವು ಮೂರನೆಯ ಸಹಸ್ರಮಾನಕ್ಕೆ ಏರಿತು. ಕಾಲನಿರ್ಣಯವು ಬಿದ್ದುಹೋಯಿತು, ವರದಿಯು ಬೀಳಲಿಲ್ಲ. ಸ್ತರಗಳ ನಕ್ಷೆಯೂ ಬೋಕಿಗಳ ವಿವರವೂ ಅಲ್ಲಿ ಅಚ್ಚಾಗಿದ್ದುದರಿಂದಲೇ ಮುಂದಿನವರು ಅವನನ್ನು ತಿದ್ದಲು ಸಾಧ್ಯವಾಯಿತು. ಸಾಮಗ್ರಿ ಪೂರ್ಣವಾಗುವವರೆಗೆ ಬರೆಯೆನೆಂದು ಲೇಖನಿಯನ್ನು ಕೆಳಗಿಡುವ ವಿದ್ಯಾರ್ಥಿಯು ಈ ವರದಿಯನ್ನು ಒಮ್ಮೆ ಎದುರಿಗಿಟ್ಟುಕೊಳ್ಳಬೇಕು.

ಈಗ ಪ್ರಬಂಧದ ಅಂಗರಚನೆಗೆ ಬರೋಣ. ಸಾಮಾನ್ಯವಾಗಿ ಇಂತಹ ಕೃತಿಯು ಪ್ರದೇಶದ ನದಿ, ಬೆಟ್ಟ, ಬಂಡೆ, ಮಣ್ಣು, ಮಳೆಗಳ ವರ್ಣನೆಯಿಂದ ತೊಡಗುತ್ತದೆ. ಅನಂತರ ಪೂರ್ವಸೂರಿಗಳ ಪಟ್ಟಿ. ಹೀಗೆ ನೂರು ಪುಟಗಳು ನಡೆದುಹೋಗುವುವು, ಬರೆಯುವವನಿಗೂ ಕೆಲಸ ಸಾಗುತ್ತಿದೆಯೆಂಬ ಸಮಾಧಾನವಿರುವುದು. ಮೀಮಾಂಸಕರ ಮಾತಿನಲ್ಲಿ ಹೇಳುವುದಾದರೆ ಇದೆಲ್ಲವೂ ಅನುವಾದ, ಎಂದರೆ ಬೇರೆ ಪ್ರಮಾಣದಿಂದ ಮೊದಲೇ ತಿಳಿದುದರ ಪುನರುಕ್ತಿ. ಅಪ್ರಾಪ್ತವಾದುದನ್ನು ತಿಳಿಸುವ ಭಾಗವೇ ವಿಧಿ. ತಾತ್ಪರ್ಯನಿರ್ಣಯಕ್ಕೆ ಹೇಳಿರುವ ಆರು ಲಿಂಗಗಳಲ್ಲಿ ಅಪೂರ್ವತೆ, ಉಪಪತ್ತಿ ಎಂಬ ಎರಡನ್ನು ಹಿಡಿದು ಅಳೆದರೆ ಈ ನೂರು ಪುಟಗಳ ತೂಕವು ಬಹಳ ಕಡಿಮೆ. ಅನುವಾದವು ಬೇಡವೆಂದು ಅರ್ಥವಲ್ಲ. ವಿಧಿಗೆ ಬೇಕಾದಷ್ಟೇ ಅನುವಾದವಿರಬೇಕು. ತುಂಗಭದ್ರೆಯು ಎಲ್ಲಿ ಹುಟ್ಟಿತೆಂಬುದನ್ನು ಬೂದಿದಿಬ್ಬದ ಪ್ರಬಂಧದಲ್ಲಿ ಹೇಳಲೇಬೇಕೆಂಬ ನಿಯಮವು ಎಲ್ಲಿಂದ ಬಂದಿತೋ ತಿಳಿಯದು.

ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತ, ಸಂಗತಿ ಎಂದು ಅಧಿಕರಣಕ್ಕೆ ಐದು ಅಂಗಗಳು. ನಿಂತುಹೋದ ಪ್ರಬಂಧಗಳಲ್ಲಿ ವಿಷಯವಿರುತ್ತದೆ, ಸಂಶಯವಿರುವುದಿಲ್ಲ. ‘ಇಂಥ ತಾಲ್ಲೂಕಿನ ಪ್ರಾಗಿತಿಹಾಸ’ ಎಂಬುದು ವಿಷಯ. ‘ಈ ಬೂದಿಯು ವಸತಿಯೊಳಗಿನದೋ ಹೊರಗಿನದೋ’ ಎಂಬುದು ಸಂಶಯ. ಸಂಶಯವು ಹುಟ್ಟಿದ ಕ್ಷಣದಲ್ಲಿ ಯಾವ ಬೋಕಿಯನ್ನು ಎಣಿಸಬೇಕು, ಯಾವುದನ್ನು ಬಿಡಬಹುದು ಎಂಬುದು ತಾನಾಗಿ ಗೊತ್ತಾಗುತ್ತದೆ.

ಬಿ. ಸುಬ್ಬರಾಯರ ಬಳ್ಳಾರಿಯ ಶಿಲಾಯುಗ ಸಂಸ್ಕೃತಿಗಳನ್ನು ಕುರಿತ ಪ್ರಬಂಧವು ೧೯೪೮ರಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಪ್ರಬಂಧಮಾಲೆಯಲ್ಲಿ ಹೊರಬಂದಿತು. ಅದರ ಬಲವಿರುವುದು ಸಂಗನಕಲ್ಲಿನಲ್ಲಿ ಅವರೇ ಮಾಡಿದ ಅಗೆತದಲ್ಲಿ. ಹೊಲದಲ್ಲಿ ಆಯ್ದ ಕಲ್ಲುಗಳ ರಾಶಿಯು ಎಷ್ಟೇ ದೊಡ್ಡದಾಗಿದ್ದರೂ ಯಾವುದು ಮೊದಲು ಯಾವುದು ಅನಂತರ ಎಂಬುದನ್ನು ಅದು ಹೇಳಲಾರದು. ಸ್ತರದಲ್ಲಿ ದೊರೆತ ಕೆಲವೇ ವಸ್ತುಗಳು ಹೇಳಬಲ್ಲುವು. ಗ್ರಂಥವು ಚಿಕ್ಕದು, ಆದರೆ ಅದರ ಬೆನ್ನೆಲುಬು ನೇರವಾಗಿದೆ.

ರೇಮಂಡ್ ಆಲ್ಚಿನ್ನರ ಕೃತಿಪರಂಪರೆಯು ಇದಕ್ಕಿಂತ ವಿಸ್ತಾರವಾದ ವಿಮರ್ಶೆಗೆ ತಕ್ಕುದು. ರಾಯಚೂರು ಜಿಲ್ಲೆಯ ಪ್ರಾಚೀನ ಸಂಸ್ಕೃತಿಗಳ ಬೆಳವಣಿಗೆಯ ಮೇಲೆ ಅವರು ಬರೆದ ಪ್ರಬಂಧವು ಲಂಡನ್ನಿನ ವಿಶ್ವವಿದ್ಯಾನಿಲಯದಲ್ಲಿ ೧೯೫೪ರಲ್ಲಿ ಅಂಗೀಕೃತವಾಯಿತು. ಬೂದಿದಿಬ್ಬಗಳ ಸಂಶಯವನ್ನು ಅವರು ಆ ಪ್ರಬಂಧದೊಂದಿಗೆ ಮುಗಿಸಲಿಲ್ಲ. ಬ್ರೂಸ್ ಫೂಟನು ಅವು ದನದ ದೊಡ್ಡಿಗಳಿಗೆ ಸಂಬಂಧಿಸಿದುವೆಂದು ಬಹಳ ಹಿಂದೆಯೇ ಊಹಿಸಿದ್ದನು. ೧೯೧೨ರಲ್ಲಿ ಅವನು ತೀರಿಕೊಂಡನು, ಅವನ ಸಂಗ್ರಹದ ಟಿಪ್ಪಣಿಗಳ ಸಂಪುಟವು ೧೯೧೬ರಲ್ಲಿ ಬಂದಿತು. ಊಹೆಯಿತ್ತು, ಉಪಪತ್ತಿಯಿರಲಿಲ್ಲ. ೧೯೫೭ರಲ್ಲಿ ಮಹಬೂಬನಗರ ಸೀಮೆಯ ಉತ್ನೂರಿನಲ್ಲಿ ಆಲ್ಚಿನ್ನರು ಅಗೆದಾಗ ಗೂಟಗಳನ್ನು ನೆಟ್ಟ ಕುಳಿಗಳ ಸಾಲೂ ದನಗಳ ಗೊರಸಿನ ಗುರುತುಗಳೂ ಕಂಡುವು. ಬೂದಿಯು ಸುಟ್ಟ ಸಗಣಿಯೇ ಎಂಬುದನ್ನು ಜೊಯ್ನರನು ೧೯೬೦ರಲ್ಲಿ ಪ್ರಯೋಗಶಾಲೆಯ ಪರೀಕ್ಷೆಯಿಂದ ತೋರಿಸಿದನು. ಇವೆಲ್ಲವನ್ನೂ ಕೂಡಿಸಿ ದಕ್ಷಿಣ ಭಾರತದ ನೂತನ ಶಿಲಾಯುಗದ ಗೋಪಾಲಕರನ್ನು ಕುರಿತ ಅವರ ಗ್ರಂಥವು ೧೯೬೩ರಲ್ಲಿ ಪ್ರಕಟವಾಯಿತು.

ಈ ಗ್ರಂಥದ ದೊಡ್ಡ ಗುಣವು ಪೂರ್ವಪಕ್ಷಗಳ ನ್ಯಾಯವಾದ ನಿರೂಪಣೆ. ಹಿಂದಿನವರ ಅಭಿಪ್ರಾಯಗಳನ್ನು ಅವರವರ ಬಲದೊಡನೆ ಹೇಳಿ ಆಮೇಲೆ ನಿರಾಕರಿಸಿದ್ದಾರೆ. ದುರ್ಬಲಗೊಳಿಸಿ ಹೇಳಿ ಗೆದ್ದಂತೆ ತೋರಿಸುವ ಚಾಳಿಯು ಇಲ್ಲಿಲ್ಲ. ಆದರೆ ಕೊನೆಯ ಭಾಗದಲ್ಲಿ ಒಂದು ಶೈಥಿಲ್ಯವುಂಟು. ದೊಡ್ಡಿಯ ಸಗಣಿಗೆ ಬೆಂಕಿಯಿಟ್ಟುದೇಕೆಂಬ ಪ್ರಶ್ನೆಗೆ ಹೋಳಿ, ದೀಪಾವಳಿ, ಸಂಕ್ರಾಂತಿಗಳಂತಹ ಹಬ್ಬಗಳ ಬೆಂಕಿಯನ್ನು ಅವರು ಸಾದೃಶ್ಯವಾಗಿ ತಂದಿದ್ದಾರೆ. ಮೈಸೂರು ಸೀಮೆಯಲ್ಲಿ ಸಂಕ್ರಾಂತಿಯ ಸಂಜೆ ದನಗಳಿಗೆ ಕಿಚ್ಚು ಹಾಯಿಸುವುದನ್ನು ಕಂಡವರಿಗೆ ಈ ಮಾತು ಮನಸ್ಸಿಗೆ ಹಿಡಿಸುವುದು ಸಹಜ. ಆದರೂ ನಾಲ್ಕು ಸಾವಿರ ವರ್ಷಗಳ ಅಂತರದಲ್ಲಿ ಉಪಮಾನವು ಸಂಭಾವನೆಯನ್ನು ಹುಟ್ಟಿಸಬಲ್ಲುದೇ ಹೊರತು ಹೇತುವಾಗಲಾರದು. ಗೂಟದ ಕುಳಿಗಳಿಗೂ ಹಬ್ಬದ ಊಹೆಗೂ ಪ್ರಮಾಣದಲ್ಲಿರುವ ತಾರತಮ್ಯವು ಓದುಗನಿಗೆ ಸ್ಪಷ್ಟವಾಗಿ ಕಾಣುವಂತೆ ಬರೆಯಬೇಕಾಗಿತ್ತು. ಬೆಂಕಿಯ ಹಿಂದಿನ ಆಚರಣೆಯ ಚರ್ಚೆಯು ಇಂದಿಗೂ ತೀರಿಲ್ಲ. ೨೦೦೪ರಲ್ಲಿ ಪೀಟರ್ ಜೊಹಾನ್ಸೆನ್ ಇವನ್ನು ಬುದ್ಧಿಪೂರ್ವಕವಾಗಿ ಕಟ್ಟಿದ ಸ್ಮಾರಕಗಳೆಂದು ನೋಡಬೇಕೆಂದು ವಾದಿಸಿದನು.

ಇಲ್ಲಿ ಸಂಜ್ಞೆಯ ವಿಷಯವಾಗಿ ಒಂದು ಮಾತು. ಕೌಟಿಲ್ಯನು ತನ್ನ ಶಾಸ್ತ್ರದ ಕಡೆಯ ಅಧಿಕರಣದಲ್ಲಿ ಎಣಿಸಿರುವ ೩೨ ತಂತ್ರಯುಕ್ತಿಗಳಲ್ಲಿ ಸ್ವಸಂಜ್ಞೆಯೂ ಒಂದು. ಮೈಸೂರಿನ ಶಾಮಶಾಸ್ತ್ರಿಗಳು ೧೯೦೯ರಲ್ಲಿ ಆ ಗ್ರಂಥವನ್ನು ಅಚ್ಚು ಹಾಕಿಸಿದಂದಿನಿಂದ ಈ ಪಟ್ಟಿಯು ಎಲ್ಲರ ಕೈಗೂ ಎಟುಕುವಂತಿದೆ. ಪ್ರಬಂಧ ಬರೆಯುವವರು ಅದನ್ನು ತೆರೆದು ನೋಡುವುದು ಅಪರೂಪ. ‘ಬೂದಿದಿಬ್ಬ’ ಎಂದರೆ ಕಣ್ಣಿಗೆ ಕಂಡುದನ್ನು ಹೇಳಿದಂತಾಯಿತು. ‘ದೊಡ್ಡಿ’ ಎಂದರೆ ಸಿದ್ಧಾಂತವನ್ನು ಹೇಳಿದಂತಾಯಿತು. ಮೊದಲ ಅಧ್ಯಾಯದಲ್ಲಿಯೇ ದೊಡ್ಡಿಯೆಂದು ಕರೆದು, ಐದನೆಯದರಲ್ಲಿ ಅದು ದೊಡ್ಡಿಯೆಂದು ಸಾಧಿಸಹೊರಡುವವನಿಗೆ ಬರೆಯಲು ಏನೂ ಉಳಿದಿರುವುದಿಲ್ಲ. ನಿಂತುಹೋಗುವ ಪ್ರಬಂಧಗಳಲ್ಲಿ ಈ ದೋಷವೇ ಹಲವು ಕಡೆ ಕಾರಣವಾಗಿದೆ.

ಕೆ. ಪದ್ದಯ್ಯನವರು ಸುರಪುರದ ಸುತ್ತಣ ಕೃಷ್ಣಾ–ಭೀಮಾ ನದಿಗಳ ನಡುವಣ ನಾಡನ್ನು ಆರಿಸಿಕೊಂಡು ನೂತನ ಶಿಲಾಯುಗವನ್ನು ಶೋಧಿಸಿದರು. ಅವರ ಗ್ರಂಥವು ೧೯೭೩ರಲ್ಲಿ ಲೈಡನ್ನಿನಲ್ಲಿ ಅಚ್ಚಾಯಿತು. ಕ್ಷೇತ್ರದ ಮೇರೆಯನ್ನು ಅವರು ಬಿಗಿಯಾಗಿ ಹಾಕಿಕೊಂಡರು. ಮುಂದೆ ೧೯೯೦ರ ದಶಕದಲ್ಲಿ ಅದೇ ಸೀಮೆಯ ಬೂದಿಹಾಳದಲ್ಲಿ ಹಲವು ವರ್ಷ ಅಗೆದು, ದಿಬ್ಬದ ಪಕ್ಕದಲ್ಲಿಯೇ ಜನವಸತಿ, ಕಲ್ಲಿನ ಆಯುಧಗಳನ್ನು ಮಾಡುವ ಕಮ್ಮಟ, ಪಶುಗಳನ್ನು ಕಡಿಯುತ್ತಿದ್ದ ನೆಲ ಇವನ್ನು ಅಗಲವಾಗಿ ತೆರೆದು ತೋರಿಸಿದರು. ದಿಬ್ಬವನ್ನು ಮಾತ್ರ ಕಡಿದು ನೋಡುತ್ತಿದ್ದವರಿಗೆ ದೊರೆಯದ ಉತ್ತರವು ದಿಬ್ಬದ ಪಕ್ಕದಲ್ಲಿ ದೊರೆಯಿತು. ಪದವಿಯ ಪ್ರಬಂಧದಲ್ಲಿಯೇ ಇದೆಲ್ಲವನ್ನೂ ಮುಗಿಸಬೇಕೆಂದು ಅವರು ಹಟ ಹಿಡಿದಿದ್ದರೆ ಪ್ರಬಂಧವೂ ಆಗುತ್ತಿರಲಿಲ್ಲ, ಬೂದಿಹಾಳವೂ ಆಗುತ್ತಿರಲಿಲ್ಲ. ಅನಾಗತಾವೇಕ್ಷಣವೆಂದು ಕೌಟಿಲ್ಯನು ಕರೆದ ಯುಕ್ತಿಗೆ, ಎಂದರೆ ಇದನ್ನು ಮುಂದೆ ಹೇಳುವೆವೆಂದು ಸೂಚಿಸಿ ನಿಲ್ಲುವುದಕ್ಕೆ, ಪದವಿಯ ಪ್ರಬಂಧದಲ್ಲಿಯೂ ಸ್ಥಾನವಿದೆ.

ಡೋರಿಯನ್ ಫುಲ್ಲರನು ೧೯೯೯ರಲ್ಲಿ ಕೇಂಬ್ರಿಜ್ಜಿಗೆ ಒಪ್ಪಿಸಿದ ಪ್ರಬಂಧವು ಸಂಶಯವನ್ನೇ ಬದಲಾಯಿಸಿತು. ಈ ಜನರು ದನ ಕಾಯ್ದರೆಂಬುದು ಸರಿ, ಬೆಳೆದುದೇನು? ಮಣ್ಣನ್ನು ನೀರಿನಲ್ಲಿ ಕದಡಿ ತೇಲಿಬಂದ ಕರಿಬೀಜಗಳನ್ನು ಗುರುತಿಸುವ ಕೆಲಸದಿಂದ ಹುರುಳಿ, ಹೆಸರು, ಕೊರಲೆ ಮುಂತಾದ ಈ ನಾಡಿನವೇ ಆದ ಧಾನ್ಯಗಳು ಬೆಳಕಿಗೆ ಬಂದುವು. ಹಳೆಯ ಅಗೆತಗಳಲ್ಲಿ ಈ ಬೀಜಗಳು ಇರಲಿಲ್ಲವೆಂದಲ್ಲ, ಕೇಳುವವರಿರಲಿಲ್ಲ.

ಮಣ್ಣಿಗೆ ಶಾಸ್ತ್ರದ ಅಂಗಗಳನ್ನು ಹಚ್ಚುವುದು ಅಸಂಗತವೆಂದು ಕೆಲವು ಅಧ್ಯಾಪಕರು ಆಕ್ಷೇಪಿಸಬಹುದು. ಶಾಸ್ತ್ರದಲ್ಲಿ ವಾಕ್ಯವು ಸಿದ್ಧವಾಗಿರುತ್ತದೆ, ಇಲ್ಲಿ ವಾಕ್ಯವನ್ನೇ ಅಗೆದು ತೆಗೆಯಬೇಕೆಂಬುದು ಅವರ ಯುಕ್ತಿ. ಆಕ್ಷೇಪವು ಪೂರ್ತಿ ತಳ್ಳಿಹಾಕತಕ್ಕುದಲ್ಲ. ಅಗೆತವು ನಡೆಯುತ್ತಿರುವಾಗ ಸಂಶಯವು ದಿನಕ್ಕೊಂದು ರೂಪ ತಾಳುವುದುಂಟು, ಮತ್ತು ಸಿದ್ಧಾಂತವನ್ನು ಮೊದಲೇ ನಿಶ್ಚಯಿಸಿಕೊಂಡು ಗುದ್ದಲಿ ಹಿಡಿದವನಿಗೆ ಅದರ ವಿರುದ್ಧವಾದುದು ಕಾಣದೆ ಹೋಗುವ ಭಯವೂ ಉಂಟು. ಆದರೆ ಇಲ್ಲಿ ಹೇಳುತ್ತಿರುವುದು ಅಗೆಯುವ ಕ್ರಮವಲ್ಲ, ಬರೆಯುವ ಕ್ರಮ. ಟಿಪ್ಪಣಿಯ ಪುಸ್ತಕವು ಕಾಲಕ್ರಮದಲ್ಲಿರಲಿ, ಪ್ರಬಂಧವು ಯುಕ್ತಿಕ್ರಮದಲ್ಲಿರಬೇಕು.

ಬರೆಯುವಾಗಲೂ ಮೊದಲನೆಯ ಅಧ್ಯಾಯವನ್ನು ಮೊದಲು ಬರೆಯಬೇಕೆಂಬ ನಿರ್ಬಂಧವಿಲ್ಲ. ಸ್ತರಗಳ ನಕ್ಷೆ, ಸ್ತರಸ್ತರಕ್ಕೂ ಬೋಕಿಗಳ ಎಣಿಕೆಯ ಕೋಷ್ಟಕ, ಮೂಳೆಗಳ ಪಟ್ಟಿ ಇವು ಮೊದಲು ಸಿದ್ಧವಾಗಲಿ. ಒಂದೊಂದು ನಕ್ಷೆಯ ಕೆಳಗೂ ಅದು ತೋರಿಸುವುದೇನೆಂಬುದನ್ನು ಎರಡು ವಾಕ್ಯಗಳಲ್ಲಿ ಬರೆದರೆ ನಡುವಣ ಅಧ್ಯಾಯಗಳ ಅಸ್ಥಿಪಂಜರವು ಅಲ್ಲಿಯೇ ನಿಲ್ಲುತ್ತದೆ. ಪೂರ್ವಪಕ್ಷದ ಅಧ್ಯಾಯವು ಅದರ ಮೇಲೆ, ಪ್ರದೇಶವರ್ಣನೆಯು ಎಲ್ಲಕ್ಕಿಂತ ಕಡೆಗೆ; ಆಗ ಯಾವ ನದಿಯ ಮಾತು ಬೇಕು ಯಾವುದರದು ಬೇಡ ಎಂಬುದು ಗೊತ್ತಿರುತ್ತದೆ. ವಸ್ತುಗಳು ಈಗ ಯಾವ ಸಂಗ್ರಹಾಲಯದ ಯಾವ ಪೆಟ್ಟಿಗೆಯಲ್ಲಿ ಯಾವ ಸಂಖ್ಯೆಯಿಂದ ಇವೆಯೆಂಬ ಅನುಬಂಧವನ್ನು ಮಾತ್ರ ಕಡೆಗೆ ಬಿಡಬಾರದು, ಅಗೆತದ ವರ್ಷದಲ್ಲಿಯೇ ಬರೆದಿಡಬೇಕು. ಚೀಲದ ಮೇಲಿನ ಶಾಯಿಯು ಎರಡು ಮಳೆಗಾಲವನ್ನು ತಡೆಯುವುದಿಲ್ಲ.