ತಪ್ಪು ನನ್ನ ಬೆರಳಿನದಲ್ಲ

ಹೊಸ ಸಿಂಥಸೈಜರ್ ಮನೆಗೆ ಬಂದ ಮೊದಲ ಎರಡು ವಾರ ನಾನು ನನ್ನ ಬಲಗೈ ಉಂಗುರದ ಬೆರಳನ್ನ ಬೈಕೊಂಡೇ ಕಳೆದೆ. ಸಿ ಮೇಜರ್ ಸ್ಕೇಲ್ ನುಡಿಸ್ತಾ ಹೋದ್ರೆ ಏಳನೇ ಸ್ವರ, ಅಂದ್ರೆ ಬಿ, ಯಾರೋ ಕಿರುಚಿದ ಹಾಗೆ ಜೋರಾಗಿ ಬರೋದು. ಅದನ್ನ ಒತ್ತೋದು ಉಂಗುರದ ಬೆರಳು. ಆ ಬೆರಳು ಹಿಡಿತಕ್ಕೆ ಸಿಗೋಕೆ ಟೈಮ್ ಬೇಕು ಅಂತ ಎಲ್ಲರೂ ಹೇಳ್ತಾರಲ್ಲ, ಹಾಗಾಗಿ ದಿನಾ ರಾತ್ರಿ ಆಫೀಸಿಂದ ಬಂದು ಅಭ್ಯಾಸ ಮಾಡಿದ್ದೇ ಮಾಡಿದ್ದು.

ಒಂದು ಭಾನುವಾರ ಮನೆಗೆ ಬಂದ ಗೆಳೆಯ ಸುಮ್ನೆ ತೋರುಬೆರಳಲ್ಲಿ ಅದೇ ಕೀ ಒತ್ತಿದ. ಅದೇ ಕಿರುಚಾಟ! ಲ್ಯಾಪ್‌ಟಾಪ್‌ಗೆ ಸಿಕ್ಕಿಸಿ ಮಿಡಿ ಸಂಖ್ಯೆಗಳನ್ನ ನೋಡಿದ್ವಿ. ಮೆಲ್ಲಗೆ ಒತ್ತಿದ್ರೆ ಬೇರೆ ಕೀಗಳೆಲ್ಲ 40, 50 ತೋರಿಸ್ತಿದ್ವು. ಇದೊಂದು ಹೇಗೆ ಒತ್ತಿದ್ರೂ 127. ಅದಕ್ಕಿಂತ ಜೋರು ಮಿಡಿಯಲ್ಲಿ ಇಲ್ಲ.

ಕಾರಣ ತುಂಬಾ ಸರಳ. ಇಂಥ ಕೀಬೋರ್ಡ್‌ಗಳಲ್ಲಿ ಪ್ರತಿ ಕೀ ಕೆಳಗೆ ಸಾಮಾನ್ಯವಾಗಿ ಎರಡು ಸಂಪರ್ಕ ಬಿಂದುಗಳಿರ್ತವೆ. ಒತ್ತಿದಾಗ ಒಂದರ ಹಿಂದೆ ಒಂದು ಕೂಡಿಕೊಳ್ತವೆ. ನಡುವಿನ ಸಮಯ ಕಡಿಮೆ ಇದ್ದಷ್ಟೂ ನೀವು ಜೋರಾಗಿ ಒತ್ತಿದ್ರಿ ಅಂತ ಲೆಕ್ಕ. ಅಲ್ಲಿನ ರಬ್ಬರ್ ಪಟ್ಟಿ ಸರಿಯಾಗಿ ಕೂತಿಲ್ಲ ಅಂದ್ರೆ, ಒಂದು ಚೂರು ಧೂಳು ಸಿಕ್ಕಿಕೊಂಡಿದ್ರೂ ಸಾಕು, ಈ ಲೆಕ್ಕ ಕೆಡುತ್ತೆ. ಪೆಟ್ಟಿಗೆ ಮುಚ್ಚೋ ಮುಂಚೆ ಯಾರಾದ್ರೂ ಎಲ್ಲ ಕೀಗಳನ್ನ ಒಂದೊಂದಾಗಿ ಒತ್ತಿದ್ರೆ ಐದು ನಿಮಿಷದಲ್ಲಿ ಸಿಕ್ಕಿಬೀಳುವ ದೋಷ.

ಕೊಳ್ಳುವ ಮುಂಚೆ ನಾನು ಹತ್ತಾರು ವಿಡಿಯೊ ರಿವ್ಯೂ ನೋಡಿದ್ದೆ. ಫಿಲ್ಟರ್ ಎಷ್ಟು ಮಧುರ, ಒಟ್ಟಿಗೆ ಎಷ್ಟು ಸ್ವರ ನುಡಿಯುತ್ತೆ, ಪ್ರಿಸೆಟ್ ಎಷ್ಟಿವೆ, ಎಲ್ಲ ಹೇಳಿದ್ರು. ಒಬ್ಬರೂ ಎಲ್ಲ ಕೀ ಒತ್ತಿ ತೋರಿಸಲಿಲ್ಲ. ತೋರಿಸಿದ್ರೂ ನನಗೇನು ಉಪಯೋಗ? ಅವರ ಮುಂದೆ ಇದ್ದದ್ದು ಒಂದೇ ಪೀಸು, ಎಷ್ಟೋ ಸಲ ಕಂಪನಿಯೇ ಕಳಿಸಿಕೊಟ್ಟದ್ದು. ಒಂದು ಪೀಸು ನೋಡಿ ವಿನ್ಯಾಸದ ಬಗ್ಗೆ ಮಾತಾಡಬಹುದು, ತಯಾರಿಕೆ ಬಗ್ಗೆ ಆಗಲ್ಲ. ನಾವು ದುಡ್ಡು ಕೊಡೋದು ಮಾತ್ರ ಎರಡಕ್ಕೂ.

'ಹಳೇ ಕಾಲದ ಸಿಂಥ್‌ಗಳೇ ಚೆನ್ನ' ಅಂತ ನಾನು ಹೇಳ್ತಿಲ್ಲ. 1970ರ ಮಿನಿಮೂಗ್‌ನ ಮೊದಮೊದಲ ಯಂತ್ರಗಳು ಬಿಸಿಯಾದ ಹಾಗೆ ಶ್ರುತಿ ಬಿಡ್ತಿದ್ವು. 1978ರ ಪ್ರಾಫೆಟ್-5ರ ಆರಂಭದ ಆವೃತ್ತಿಗಳು ಕೈಕೊಡೋದಕ್ಕೆ ಹೆಸರಾಗಿದ್ವು. 1980ರ ಮೂರನೇ ಆವೃತ್ತಿಗೆ ಅವರು ಬೇರೆ ಚಿಪ್‌ಗಳನ್ನೇ ಹಾಕಬೇಕಾಯ್ತು. ರೋಲ್ಯಾಂಡ್ ಜೂನೊ-106ರ ವಾಯ್ಸ್ ಚಿಪ್ ವಯಸ್ಸಾದ ಮೇಲೆ ಕೆಡೋದು ಎಲ್ಲರಿಗೂ ಗೊತ್ತಿರೋ ಕಥೆ. ಆದ್ರೆ ಅವು ಆ ಮಾದರಿಯ ಕಾಯಿಲೆಗಳು, ಕೊಳ್ಳುವ ಮೊದಲೇ ನಾಲ್ಕು ಜನರನ್ನ ಕೇಳಿ ತಿಳ್ಕೋಬಹುದು. ನನ್ನದು ಆ ಒಂದು ಪೆಟ್ಟಿಗೆಯ ಕಾಯಿಲೆ. ಅದನ್ನ ಯಾರನ್ನ ಕೇಳೋದು?

ಕಾರ್ಖಾನೆಗಳಲ್ಲಿ ಒಂದು ಲಾಟ್‌ನಿಂದ ಕೆಲವನ್ನಷ್ಟೇ ತೆಗೆದು ಪರೀಕ್ಷಿಸುವ ಪದ್ಧತಿ ಇದೆ. ಅದಕ್ಕೆ ಐಎಸ್ಒ 2859 ಅಂತ ಮಾನದಂಡವೂ ಇದೆ. ದೋಷಗಳು ಮಿತಿಯೊಳಗಿದ್ರೆ ಇಡೀ ಲಾಟ್ ಪಾಸ್. ಇದು ಮೋಸವಲ್ಲ, ಲೆಕ್ಕಾಚಾರ. ಆದ್ರೆ ಆ ಲೆಕ್ಕದಲ್ಲಿ ಉಳಿದ ಕೆಟ್ಟ ಪೀಸುಗಳನ್ನ ಹಿಡಿಯೋ ಕೆಲಸ ಯಾರದ್ದು? ನಮ್ಮದು, ಸಂಬಳ ಇಲ್ಲದೆ.

ಅಂಗಡಿಗೆ ಫೋನ್ ಮಾಡಿದ್ರೆ ಮೊದಲ ಉತ್ತರ, 'ಫರ್ಮ್‌ವೇರ್ ಅಪ್‌ಡೇಟ್ ಮಾಡಿ ನೋಡಿ ಸರ್.' ಇದು ನಮ್ಮ ಸಾಫ್ಟ್‌ವೇರ್ ಮಂದಿಯೇ ಜಗತ್ತಿಗೆ ಕಲಿಸಿದ ಚಾಳಿ: ಈಗ ಬಿಡುಗಡೆ ಮಾಡು, ಆಮೇಲೆ ಸರಿ ಮಾಡೋಣ. ರಬ್ಬರ್ ಪಟ್ಟಿಗೆ ಅಪ್‌ಡೇಟ್ ಬರಲ್ಲ. ಎರಡನೇ ಉತ್ತರ, 'ಬಾಕ್ಸ್ ಓಪನ್ ಮಾಡಿದೀರಲ್ಲ.' ತೆರೆಯದೆ ನುಡಿಸೋದು ಹೇಗೆ ಅಂತ ನಾನು ಕೇಳಿದೆ. ಆ ಕಡೆ ಮೌನ.

ಕಾನೂನು ಇಲ್ಲಿ ನಮ್ಮ ಪರ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ, ದೋಷವಿರುವ ವಸ್ತುವನ್ನ ಬಿಲ್‌ನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳಿರದಿದ್ರೆ 30 ದಿನದೊಳಗೆ, ವಾಪಸ್ ತಗೊಂಡು ದುಡ್ಡು ಕೊಡಲು ನಿರಾಕರಿಸೋದು ಅನುಚಿತ ವ್ಯಾಪಾರ ಪದ್ಧತಿ. ಸಹಾಯವಾಣಿ 1915. ಈ ಎರಡು ವಿಷಯ ಹೇಳಿದ ಮೇಲೆ ಅಂಗಡಿಯವರ ದನಿ ಮೆತ್ತಗಾಯ್ತು. ಆದ್ರೆ ಆ ಮೂವತ್ತು ದಿನಗಳಲ್ಲಿ ಹದಿನಾಲ್ಕನ್ನ ನಾನು ಬೆರಳಿಗೆ ಬೈಯೋದ್ರಲ್ಲೇ ಕಳೆದಿದ್ದೆ.

ಹೊಸಬರಿಗೆ ಇದೇ ದೊಡ್ಡ ಅಪಾಯ. ಪಳಗಿದವರು ಯಂತ್ರವನ್ನ ಅನುಮಾನಿಸ್ತಾರೆ, ಕಲಿಯುವವರು ತಮ್ಮನ್ನೇ ಅನುಮಾನಿಸ್ತಾರೆ. ಎಷ್ಟು ಜನ 'ಸಂಗೀತ ನನಗಲ್ಲ ಬಿಡಪ್ಪ' ಅಂತ ಅದನ್ನ ಅಟ್ಟಕ್ಕೆ ಹಾಕಿರಬಹುದು!

ತೆಂಗಿನಕಾಯಿ ಕೊಳ್ಳುವಾಗ ಕಿವಿ ಹತ್ತಿರ ಅಲ್ಲಾಡಿಸಿ ನೋಡ್ತೀವಿ, ಮಡಕೆಯನ್ನ ತಟ್ಟಿ ನೋಡ್ತೀವಿ. ಸಿಂಥ್‌ಗೂ ಮೊದಲ ದಿನವೇ ಒಂದು ಗಂಟೆ ಕೊಡಿ. ಪೆಟ್ಟಿಗೆ ತೆರೆಯೋದನ್ನ ವಿಡಿಯೊ ಮಾಡಿಕೊಳ್ಳಿ. ಪ್ರತಿ ಕೀಯನ್ನ ಮೆಲ್ಲಗೆ ಒಮ್ಮೆ, ಜೋರಾಗಿ ಒಮ್ಮೆ ಒತ್ತಿ. ಪ್ರತಿ ತಿರುಗುಣಿಯನ್ನ ನಿಧಾನಕ್ಕೆ ತಿರುಗಿಸಿ, ಸಂಖ್ಯೆ ಎಲ್ಲಾದ್ರೂ ಹಾರುತ್ತಾ ನೋಡಿ. ಎಲ್ಲ ಔಟ್‌ಪುಟ್‌ಗಳನ್ನೂ ಕೇಳಿ. ರಟ್ಟಿನ ಡಬ್ಬಿ ಎಸೀಬೇಡಿ.

ಬದಲಿ ಪೀಸು ಬಂತು. ಬಿ ಈಗ ಸರಿಯಾಗಿದೆ. ನನ್ನ ಉಂಗುರದ ಬೆರಳು ನಿಜಕ್ಕೂ ಸ್ವಲ್ಪ ತಡವರಿಸುತ್ತೆ. ಆ ತಪ್ಪು ನನ್ನದೇ, ಅಭ್ಯಾಸ ಮಾಡಿದ್ರೆ ಹೋಗುತ್ತೆ.