ಬಂಡೆಯ ಮೇಲೆ ಬಿದ್ದ ಬೈಕು, ಬಾಗಲೊಲ್ಲದ ಗಾರ್ಡು

ರಾಮನಗರದ ಕಡೆಯ ಕೂಟಗಲ್ಲಿನ ಆಸುಪಾಸಿನಲ್ಲಿ ಅಡ್ವೆಂಚರ್ ಬೈಕುಗಳು ಬೀಳುವುದೆಲ್ಲ ನಿಧಾನಗತಿಯಲ್ಲೇ. ತಿಮ್ಮಪ್ಪನ ಬೆಟ್ಟದ ಮಗ್ಗುಲ ಗಾಡಿದಾರಿಯನ್ನೋ, ಮಾವಿನ ತೋಪುಗಳ ನಡುವಿನ ಕೊರಕಲು ಓಣಿಯನ್ನೋ ಮೊದಲ ಗೇರಿನಲ್ಲಿ ಏರುತ್ತಿರುವಾಗ ಮುಂದಿನ ಚಕ್ರ ಕಲ್ಲಿಗೆ ತಾಗಿ ನಿಲ್ಲುತ್ತದೆ. ಸವಾರ ಕಾಲೂರಲು ಹೋದ ಕಡೆ ನೆಲ ಒಂದು ಗೇಣು ಕೆಳಗಿರುತ್ತದೆ. ಅಷ್ಟೇ, ಗಾಡಿ ವಾಲಿತು. ಹಿಮಾಲಯನ್ 450 ಆಗಿದ್ದರೆ 196 ಕಿಲೋ ತೂಕ ಬಂಡೆಯ ಒಂದು ಏಣಿನ ಮೇಲೆ ಕೂರುತ್ತದೆ. ಆ ಕ್ಷಣಕ್ಕಾಗಿಯೇ ಸಾವಿರಾರು ರೂಪಾಯಿ ಕೊಟ್ಟು ಕ್ರ್ಯಾಶ್ ಗಾರ್ಡ್ ಹಾಕಿಸಿಕೊಂಡಿರುತ್ತೇವೆ. ಅದು ಎಷ್ಟು ಕಾಲ, ಎಷ್ಟು ಸಲ ಕಾಯುತ್ತದೆ ಎಂಬುದನ್ನು ನಾವು ಅಳೆಯುತ್ತಿರುವ ರೀತಿಯೇ ತಪ್ಪು ಎಂಬುದು ನನ್ನ ತಕರಾರು.

ಮೊದಲು ನೆಲದ ಗುಣ ನೋಡಬೇಕು. ರಾಮನಗರ, ಮಾಗಡಿ, ಕನಕಪುರದ ಬೆಟ್ಟಗಳೆಲ್ಲ ಒಂದೇ ಶಿಲೆಯ ಮಕ್ಕಳು. ಭೂವಿಜ್ಞಾನಿಗಳು ಇದನ್ನು ಇಂದಿಗೂ ರಾಮನಗರದ ಹಳೆಯ ಹೆಸರಿನಲ್ಲಿ ಕ್ಲೋಸ್‌ಪೇಟೆ ಗ್ರಾನೈಟ್ ಎಂದೇ ಕರೆಯುತ್ತಾರೆ. ವಯಸ್ಸು ಸುಮಾರು 250 ಕೋಟಿ ವರ್ಷ. ಕರ್ನಾಟಕದ ಉದ್ದಕ್ಕೂ ದಕ್ಷಿಣೋತ್ತರವಾಗಿ ಸುಮಾರು 400 ಕಿ.ಮೀ. ಹಬ್ಬಿದ ಪಟ್ಟಿ. ಇದರ ನಸುಗೆಂಪು ಫೆಲ್ಡ್‌ಸ್ಪಾರ್ ಹರಳುಗಳು ಬರಿಗಣ್ಣಿಗೆ ಎದ್ದು ಕಾಣುವಷ್ಟು ದಪ್ಪ. ಗಡಸುತನದ ಮೋಹ್ಸ್ ಮಾಪಕದಲ್ಲಿ ಫೆಲ್ಡ್‌ಸ್ಪಾರ್ 6ರ ಹತ್ತಿರ, ಬೆಣಚು 7. ಸಾದಾ ಉಕ್ಕು ಇವೆರಡಕ್ಕಿಂತಲೂ ಮೆತ್ತಗೆ. ಗಾರ್ಡಿನ ಪೌಡರ್ ಕೋಟಿಂಗ್ ಇಂಥ ಬಂಡೆಯ ಮೇಲೆ ಒಂದು ಅಡಿ ಜಾರಿದರೆ ಸಾಕು, ಸುಲಿದುಹೋಗುತ್ತದೆ. ಕೊಳೆತ ಗ್ರಾನೈಟಿನ ಗರಸು ಹಾಸುಬಂಡೆಯ ಮೇಲೆ ಹರಡಿಕೊಂಡು ಚಕ್ರ ಜಾರಿಸುತ್ತದೆ. ಬಿದ್ದ ಗಾಡಿ ಬಿದ್ದಲ್ಲೇ ನಿಲ್ಲದೆ ಇಳಿಜಾರಿನಲ್ಲಿ ಉಜ್ಜಿಕೊಂಡು ಹೋಗುತ್ತದೆ.

ಹೀಗಿರುವಾಗ ಗಾರ್ಡ್ ಮಾರುವವರು ತೋರಿಸುವ ಪರೀಕ್ಷೆ ಯಾವುದು? ಸಮತಟ್ಟಾದ ಕಾಂಕ್ರೀಟು ನೆಲದ ಮೇಲೆ ಗಾಡಿಯನ್ನು ಕೆಡವಿ, ಎತ್ತಿ, ಪೈಪು ಬಾಗಿಲ್ಲ ಎನ್ನುವುದು. ಜೊತೆಗೆ ಪೈಪಿನ ಹೊರವ್ಯಾಸವನ್ನು ದೊಡ್ಡ ಅಕ್ಷರದಲ್ಲಿ ಹೇಳುತ್ತಾರೆ. ಗೋಡೆಯ ದಪ್ಪ ಮಾತ್ರ ಬಹಳ ಸಲ ಎಲ್ಲೂ ಕಾಣುವುದಿಲ್ಲ. ನಮ್ಮ ಕಡೆಯ ಬಂಡೆಗೆ ಬೇಕಾದ ಲೆಕ್ಕ ಇರುವುದು ಅಲ್ಲೇ. 22 ಮಿ.ಮೀ. ವ್ಯಾಸ, 2 ಮಿ.ಮೀ. ದಪ್ಪದ ಪೈಪು ಮೀಟರಿಗೆ ಸುಮಾರು ಒಂದು ಕಿಲೋ ತೂಗುತ್ತದೆ. 25 ಮಿ.ಮೀ. ವ್ಯಾಸ, 1.5 ಮಿ.ಮೀ. ದಪ್ಪದ್ದು ಸುಮಾರು 870 ಗ್ರಾಂ. ಹಗುರವಾಗಿದ್ದರೂ ಒಟ್ಟಾರೆ ಬಾಗುವಿಕೆಯನ್ನು ತಡೆಯುವುದರಲ್ಲಿ ಎರಡನೆಯದೇ ತುಸು ಮೇಲು. ಆದ್ದರಿಂದ ಕಾಂಕ್ರೀಟಿನ ಮೇಲೆ ಅದು ಗೆಲ್ಲುತ್ತದೆ. ಬಂಡೆಯ ಏಣು ಹಾಗಲ್ಲ, ಪೈಪಿನ ಒಂದೇ ಬಿಂದುವನ್ನು ಒತ್ತುತ್ತದೆ. ಅಲ್ಲಿ ತಗ್ಗು ಬೀಳದಂತೆ ತಡೆಯುವ ಶಕ್ತಿ ಹೆಚ್ಚುಕಡಿಮೆ ಗೋಡೆಯ ದಪ್ಪದ ವರ್ಗಕ್ಕೆ ತಕ್ಕಂತೆ ಏರುತ್ತದೆ. 1.5ರಿಂದ 2 ಮಿ.ಮೀ.ಗೆ ಹೋದರೆ ಮುಕ್ಕಾಲು ಪಾಲಿನಷ್ಟು ಹೆಚ್ಚಳ. ಒಮ್ಮೆ ತಗ್ಗು ಬಿದ್ದ ಪೈಪು ಮುಂದಿನ ಸಲ ಅದೇ ಜಾಗದಲ್ಲಿ ಮಡಚಿಕೊಳ್ಳುತ್ತದೆ. ಹೆದ್ದಾರಿಯ ಸವಾರನಿಗೆ ತೆಳು ಗೋಡೆಯ ದಪ್ಪ ಪೈಪು ಸಾಕಾದೀತು. ಕೂಟಗಲ್ಲಿನ ಹಾಸುಬಂಡೆಗೆ ಸಾಲದು.

ಇಷ್ಟಾದರೂ ಪೈಪು ಎರಡನೆಯ ಮಾತು. ಗಾರ್ಡ್ ಗಾಡಿಯನ್ನು ಹಿಡಿದುಕೊಂಡಿರುವ ಜಾಗದಲ್ಲಿ ಅದರ ಆಯಸ್ಸಿದೆ. ಎಂಜಿನ್ ಬೋಲ್ಟಿನಿಂದ 250 ಮಿ.ಮೀ. ಹೊರಚಾಚಿದ ಸರಳಿಗೆ ತುದಿಯಲ್ಲಿ ಪೆಟ್ಟು ಬಿತ್ತೆನ್ನಿ. ಬುಡದ ಹಿಡಿತದ ಅಗಲ 50 ಮಿ.ಮೀ. ಮಾತ್ರ ಇದ್ದರೆ ಆ ಪೆಟ್ಟು ಬುಡದಲ್ಲಿ ಐದು ಪಟ್ಟಾಗುತ್ತದೆ. ಬೋಲ್ಟು ಹಾದುಹೋಗುವ ಎಂಜಿನ್ನಿನ ಕಿವಿ ಎರಕದ ಅಲ್ಯೂಮಿನಿಯಮ್ಮಿನದು. ಎರಕದ ಅಲ್ಯೂಮಿನಿಯಂ ಉಕ್ಕಿನಂತೆ ಬಗ್ಗಿ ಮುನ್ಸೂಚನೆ ಕೊಡುವುದಿಲ್ಲ, ನೇರವಾಗಿ ಸೀಳುತ್ತದೆ. ಗಾರ್ಡ್ ಕೂದಲೆಳೆಯಷ್ಟೂ ಬಾಗದೆ ನಿಂತು, ಎಂಜಿನ್ ಕೇಸು ಬಿರುಕು ಬಿಟ್ಟರೆ ಆ ಗಾರ್ಡನ್ನು ಗಟ್ಟಿಮುಟ್ಟು ಎಂದು ಹೊಗಳುವುದು ಹೇಗೆ? ಕೆಡುವ ಸರದಿ ಅಗ್ಗದ ಭಾಗದಿಂದ ದುಬಾರಿ ಭಾಗದ ಕಡೆಗೆ ಹೋಗಬೇಕು: ಮೊದಲು ಬಣ್ಣ, ಆಮೇಲೆ ಪೈಪು, ಆಮೇಲೆ ಪಟ್ಟಿ, ಆಮೇಲೆ ಬೋಲ್ಟು. ಫ್ರೇಮು, ಎಂಜಿನ್ನಿಗೆ ಸರದಿ ಬರಲೇಕೂಡದು. ಪೇಟೆಯಲ್ಲಿ ಸಿಗುವ ಬಹಳಷ್ಟು ಗಾರ್ಡುಗಳು ಈ ಸರದಿಯನ್ನು ತಲೆಕೆಳಗು ಮಾಡಿವೆ. ಕಣ್ಣಿಗೆ ಕಾಣುವ ಪೈಪಿಗೆ ಅಡ್ಡ, ನೆಟ್ಟನೆ ಬೆಂಬಲ ಕೊಟ್ಟು ಬಿಗಿಗೊಳಿಸುತ್ತಾರೆ. ಕಾಣದ ಬುಡದಲ್ಲಿ ಒಂದು ತಗಡಿನ ಪಟ್ಟಿ, ಒಂದು ಉದ್ದನೆಯ ಸ್ಪೇಸರ್.

ಎಡಬಲದ ಸರಳುಗಳನ್ನು ಎಂಜಿನ್ನಿನ ಮುಂದೆ ಒಂದು ಅಡ್ಡಪೈಪಿನಿಂದ ಜೋಡಿಸಿರುವ ಗಾರ್ಡೇ ನನಗೆ ಹೆಚ್ಚು ಒಪ್ಪಿಗೆ. ಒಂದು ಬದಿಯ ಪೆಟ್ಟು ಇನ್ನೊಂದು ಬದಿಗೂ ಹಂಚಿಹೋಗುತ್ತದೆ, ಬುಡದ ಬೋಲ್ಟಿನ ಮೇಲಿನ ಹೊರೆ ಇಳಿಯುತ್ತದೆ. ಗಾರ್ಡಿನ ಜೊತೆ ಬರುವ ಬೋಲ್ಟುಗಳನ್ನೂ ನೋಡಬೇಕು. ಹೊಳೆಯುವ ಸ್ಟೇನ್‌ಲೆಸ್ ಬೋಲ್ಟಿನ ತಲೆಯ ಮೇಲೆ ಸಾಮಾನ್ಯವಾಗಿ ಎ2-70 ಎಂದಿರುತ್ತದೆ. ಅದು ಸುಮಾರು 450 ಮೆಗಾಪಾಸ್ಕಲ್ ಒತ್ತಡಕ್ಕೆ ಶಾಶ್ವತವಾಗಿ ಹಿಗ್ಗತೊಡಗುತ್ತದೆ. ಮಂಕು ಕಾಣುವ 8.8 ದರ್ಜೆಯ ಉಕ್ಕಿನ ಬೋಲ್ಟು ಸುಮಾರು 640ರವರೆಗೆ ತಡೆಯುತ್ತದೆ. ಎಂಜಿನ್ನನ್ನು ಹಿಡಿದಿಟ್ಟ ಬೋಲ್ಟನ್ನೇ ಬಿಚ್ಚಿ ಹಾಕುವಾಗ ಅಂದಕ್ಕೆ ಸೋಲಬಾರದು.

ಬೀಳದ ಗಾಡಿಯ ಗಾರ್ಡೂ ಸವೆಯುತ್ತದೆ. ನಮ್ಮ ಕಡೆ ಓಡುವ ಎಕ್ಸ್‌ಪಲ್ಸ್, ಹಿಮಾಲಯನ್, ಕೆಟಿಎಂ 390 ಎಲ್ಲವೂ ಒಂಟಿ ಸಿಲಿಂಡರಿನವು, ನಡುಕ ಸಹಜ. ಆ ನಡುಕಕ್ಕೆ ವೆಲ್ಡಿಂಗಿನ ಅಂಚಿನಲ್ಲಿ, ಬಿಸಿಯಿಂದ ಉಕ್ಕಿನ ಗುಣ ಬದಲಾದ ಕಡೆ, ಬಿರುಕು ಹುಟ್ಟುತ್ತದೆ. ಪೌಡರ್ ಕೋಟಿಂಗ್ ಅದನ್ನು ತಿಂಗಳುಗಟ್ಟಲೆ ಮುಚ್ಚಿಡುತ್ತದೆ. ವೆಲ್ಡಿಂಗ್ ಪಕ್ಕದಲ್ಲಿ ಕೂದಲಿನಂಥ ತುಕ್ಕಿನ ಗೆರೆ ಕಂಡರೆ ಬಣ್ಣ ಬಳಿಯದೆ ಉಜ್ಜಿ ನೋಡಬೇಕು. ಇನ್ನು ಪೈಪಿನ ಒಳಗೆ ನೀರು ನಿಂತರೆ ಹೊರಗಿನ ಬಣ್ಣ ಎಷ್ಟು ಚೆನ್ನಾಗಿದ್ದರೂ ಗೋಡೆ ಒಳಗಿನಿಂದ ತೆಳುವಾಗುತ್ತದೆ. ಕೆಳಬಾಗಿನಲ್ಲಿ ಒಂದು ಸಣ್ಣ ತೂತು ಬಿಟ್ಟಿರುವ ಗಾರ್ಡನ್ನು ಕಂಡರೆ, ಮಾಡಿದವರು ಯೋಚಿಸಿದ್ದಾರೆ ಎನ್ನಿಸುತ್ತದೆ.

ಸ್ಟೇನ್‌ಲೆಸ್ಸೋ ಸಾದಾ ಉಕ್ಕೋ ಎಂಬ ಜಗಳದಲ್ಲಿ ನಾನು ಸಾದಾ ಉಕ್ಕಿನ ಕಡೆ. 304 ಸ್ಟೇನ್‌ಲೆಸ್ಸಿಗೆ ತುಕ್ಕಿನ ಭಯ ಕಡಿಮೆ, ಗ್ರಾನೈಟು ಗೀರಿದರೂ ಬಣ್ಣ ಹೋಯಿತೆಂಬ ಕೊರಗಿಲ್ಲ. ನಿಜ. ಆದರೆ ಅದು ಬಾಗಿದಷ್ಟೂ ಗಡಸಾಗುವ ಲೋಹ, ಮತ್ತೆ ನೆಟ್ಟಗೆ ಮಾಡುವುದು ಕಷ್ಟ. ಸೀಳಿದರೆ ಆರ್ಗಾನ್ ವೆಲ್ಡಿಂಗ್ ಗೊತ್ತಿರುವವರನ್ನು ಹುಡುಕಬೇಕು. ಸಾದಾ ಉಕ್ಕಿನದು ರಾಮನಗರದಲ್ಲೋ ಮಾಗಡಿಯಲ್ಲೋ ಟ್ರಾಲಿ, ಗೇಟು ಬೆಸೆಯುವ ಯಾವ ಶೆಡ್ಡಿನಲ್ಲಾದರೂ ಸರಿಹೋಗುತ್ತದೆ. ದುರಸ್ತಿಯಾಗುವ ಗುಣವನ್ನೂ ಬಾಳಿಕೆಯ ಲೆಕ್ಕಕ್ಕೆ ಸೇರಿಸಲೇಬೇಕು. ಒಂದು ಎಚ್ಚರಿಕೆ: ಒಮ್ಮೆ ನೆಟ್ಟಗೆ ಮಾಡಿಸಿದ ಪೈಪು ಅದೇ ಜಾಗದಲ್ಲಿ ಮತ್ತೆ ಬಾಗಿದರೆ ಅದನ್ನು ಗುಜರಿಗೆ ಹಾಕುವುದೇ ಸರಿ.

ಗಾರ್ಡ್ ಇದ್ದರೆ ಕಾಲು ಉಳಿಯುತ್ತದೆ ಎಂಬ ನಂಬಿಕೆ ಹಳ್ಳಿಯಲ್ಲೂ ಇದೆ, ಬೆಂಗಳೂರಿನಿಂದ ಭಾನುವಾರ ಬರುವ ಸವಾರರಲ್ಲೂ ಇದೆ. ಲೆಗ್ ಗಾರ್ಡ್ ಎಂದೇ ಕರೆದು ರೂಢಿ. ಅಮೆರಿಕದಲ್ಲಿ ಹ್ಯಾರಿ ಹರ್ಟ್ ತಂಡ 900 ಮೋಟರ್‌ಸೈಕಲ್ ಅಪಘಾತಗಳನ್ನು ಸ್ಥಳದಲ್ಲೇ ಪರಿಶೀಲಿಸಿ 1981ರಲ್ಲಿ ಕೊಟ್ಟ ವರದಿ ಬೇರೆಯದನ್ನೇ ಹೇಳಿತು. ಪಾದ, ಹಿಮ್ಮಡಿ ಗಂಟಿನ ಗಾಯ ಕಡಿಮೆಯಾದಷ್ಟೇ ತೊಡೆ, ಮೊಣಕಾಲು, ಮೊಣಕಾಲ ಕೆಳಗಿನ ಗಾಯ ಹೆಚ್ಚಿತ್ತು. 2016ರ ಮೊದಲ ಹಿಮಾಲಯನ್ ಟ್ಯಾಂಕಿನ ಇಕ್ಕೆಲದಲ್ಲಿ ಸರಳಿನ ಚೌಕಟ್ಟು ಹೊತ್ತೇ ಬಂದಿತ್ತು. ಎತ್ತರದ ಸವಾರರ ಮೊಣಕಾಲಿಗೆ ತಾಗುತ್ತದೆಂದು 2021ರಲ್ಲಿ ಅದನ್ನು ಕಿರಿದು ಮಾಡಬೇಕಾಯಿತು. ಗಾರ್ಡಿನ ಕೆಲಸ ರೇಡಿಯೇಟರ್, ಕ್ಲಚ್ ಕವರ್, ಗೇರ್ ಪೆಡಲುಗಳನ್ನು ಕಾಯುವುದು. ಕಾಲಿಗೆ ಬೂಟೇ ಗತಿ.

ಕಾರು ಜೀಪುಗಳ ಬುಲ್ ಬಾರ್ ತೆಗೆಸಬೇಕೆಂದು ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲಿ ರಾಜ್ಯಗಳಿಗೆ ಪತ್ರ ಬರೆದದ್ದು ನೆನಪಿರಬಹುದು. ಬಿಗಿಯಾದ ಸರಳು ಪೆಟ್ಟನ್ನು ತಾನು ನುಂಗದೆ ಚಾಸಿಗೆ ದಾಟಿಸುತ್ತದೆ ಎಂಬ ತಿಳಿವಳಿಕೆ ಆ ಚರ್ಚೆಯಿಂದ ಜನಸಾಮಾನ್ಯರಿಗೂ ಮುಟ್ಟಿತು. ಬೈಕಿನ ಗಾರ್ಡ್ ಕೊಳ್ಳುವಾಗ ಮಾತ್ರ ಅದನ್ನು ಮರೆತು, ಬಾಗದ್ದೇ ಒಳ್ಳೆಯದು ಎನ್ನುತ್ತೇವೆ. ತಯಾರಕರು ಕಾಂಕ್ರೀಟಿನ ಬದಲು ಇಲ್ಲಿನ ಹಾಸುಬಂಡೆಯ ಮೇಲೆ ಗಾಡಿ ಕೆಡವಿ, ಆಮೇಲೆ ಬುಡದ ಬೋಲ್ಟನ್ನು ಬಿಚ್ಚಿ ತೋರಿಸಲಿ. ಗೋಡೆಯ ದಪ್ಪವನ್ನು ಪೆಟ್ಟಿಗೆಯ ಮೇಲೆ ಅಚ್ಚು ಹಾಕಲಿ. ಬುಡದ ಪಟ್ಟಿಯನ್ನು ಪೈಪಿಗೆ ಬೆಸೆಯದೆ ಬೋಲ್ಟಿನಿಂದ ಜೋಡಿಸಿ, ಅದೊಂದನ್ನೇ ಬಿಡಿಭಾಗವಾಗಿ ಮಾರಲಿ. ಹಾಗೆ ಮಾಡಿದ ಗಾರ್ಡಿಗೆ ಸಾವಿರ ರೂಪಾಯಿ ಹೆಚ್ಚು ಕೊಡಲೂ ನಾನು ತಯಾರು.