ರ‍್ಯಾಪ್, ತಮಟೆ ಮತ್ತು ‘ಮಚ್ಚಾ’ ಎಂಬ ಮಾತು

ಕುಮಾರಸ್ವಾಮಿ ಲೇಔಟಿನ ನನ್ನ ಬಾಡಿಗೆ ಕೋಣೆಗೆ ಬಂದ ಇಬ್ಬರು ವಿದ್ಯಾರ್ಥಿಗಳು ತಮ್ಮ ಮೊದಲ ರ‍್ಯಾಪ್ ಹಾಡು ಕಟ್ಟುವ ತಯಾರಿಯಲ್ಲಿದ್ದರು. ಮಾದರಿಯೆಂದು ಬ್ರೋಧ ವಿ ಅವರ ‘ಆತ್ಮ ರಾಮ’ ಕೇಳಿಸಿದರು. 2012ರ ಆ ಹಾಡಿನ ಚರಣಗಳು ಇಂಗ್ಲಿಷಿನವು, ಪಲ್ಲವಿ ರಾಮಭಜನೆ. ‘ನಮ್ಮ ಪಲ್ಲವಿಗೆ ಏನಿಡಾಣ ಸಾರ್?’ ಅಂತ ಒಬ್ಬ ಕೇಳಿದ. ನನಗೆ ಥಟ್ಟನೆ ಹೇಳಲಾಗಲಿಲ್ಲ. ಅವತ್ತು ಕೊಡಲಾಗದ ಉತ್ತರವೇ ಈ ಬರಹ.

ಮೊದಲು ಹೆಸರಿನ ವಿಚಾರ. ಬ್ರೋಧ ವಿ, ಸ್ಮೋಕಿ ದ ಘೋಸ್ಟ್ ಮೊದಲಾದವರು ಬೆಂಗಳೂರಿನಲ್ಲಿ ಕಟ್ಟಿದ ಗುಂಪು ‘ಮಚ್ಚಾಸ್ ವಿತ್ ಆಟಿಟ್ಯೂಡ್’. ಈ ಹೆಸರಿನ ಹಿಂದೆ ಅಮೆರಿಕದ ಕಾಂಪ್ಟನ್ನಿನ ಕರಿಯ ಹುಡುಗರ ಎನ್.ಡಬ್ಲ್ಯು.ಎ. ಗುಂಪಿನ ನೆರಳು ಕಾಣುತ್ತದೆ. 1988ರಲ್ಲಿ ‘ಸ್ಟ್ರೇಟ್ ಔಟ್ಟಾ ಕಾಂಪ್ಟನ್’ ತಂದ ಆ ಹುಡುಗರು ಬಿಳಿಯರು ತಮ್ಮ ಮೇಲೆ ಉಗುಳಿದ ಬೈಗುಳವನ್ನೇ ಹೆಸರಿಗೆ ಕಟ್ಟಿಕೊಂಡಿದ್ದರು. ನಮ್ಮಲ್ಲಿ ಆಟಿಟ್ಯೂಡ್ ಉಳಿಯಿತು, ಬೈಗುಳದ ಜಾಗಕ್ಕೆ ‘ಮಚ್ಚಾ’ ಬಂತು. ಆದರೆ ಕನ್ನಡದಲ್ಲಿ ಆ ಜಾಗ ಖಾಲಿ ಇರಲಿಲ್ಲ. ಸಿದ್ಧಲಿಂಗಯ್ಯ 1975ರಲ್ಲೇ ಪುಸ್ತಕಕ್ಕೆ ‘ಹೊಲೆಮಾದಿಗರ ಹಾಡು’ ಎಂದು ಹೆಸರಿಟ್ಟಿದ್ದರು.

‘ಮಚ್ಚಾ’ ತಮಿಳಿನಿಂದ ಬಂದ ನಂಟಿನ ಮಾತು. ಭಾವಮೈದ ಅಂತ ಅರ್ಥ. ನಮ್ಮ ಬೀದಿಯಲ್ಲಿ ಎಲ್ಲರೂ ಎಲ್ಲರಿಗೂ ಮಚ್ಚಾ. ಹೆಣ್ಣು ಕೊಟ್ಟು ತರುವ ಮಾತು ಬಂದಾಗ ಯಾರು ಮಚ್ಚಾ? ಜಾತಿ ಒಡೆಯಲು ಅಂತರ್ಜಾತಿ ಮದುವೆಯೇ ಮದ್ದೆಂದೂ, ಅದಕ್ಕೆ ಅಡ್ಡ ನಿಂತ ಶಾಸ್ತ್ರಗಳ ಪಾವಿತ್ರ್ಯವನ್ನು ಅಲ್ಲಗಳೆಯಬೇಕೆಂದೂ ಅಂಬೇಡ್ಕರ್ 1936ರಲ್ಲೇ ಬರೆದರು. ಈ ಕೋಣೆ ಸಿಗುವ ಮುಂಚೆ ಮೂರು ಮನೆಗಳಲ್ಲಿ ‘ನೀವು ಯಾವ ಪೈಕಿ?’ ಎಂದು ಕೇಳಿಸಿಕೊಂಡವನು ನಾನು.

ಇನ್ನು ಪಲ್ಲವಿ. ಹಾಡುಗಾರನ ಜಾತಿ ಹುಡುಕುವುದು ವಿಮರ್ಶೆಯಲ್ಲ. ಅವನ ಭಕ್ತಿ ಅವನ ಹಕ್ಕು. ನನ್ನ ತಕರಾರಿರುವುದು ನಮ್ಮ ಕಿವಿಯ ಬಗ್ಗೆ. 1973ರ ಸುಮಾರಿಗೆ ನ್ಯೂಯಾರ್ಕಿನ ಬ್ರಾಂಕ್ಸಿನಲ್ಲಿ ಡಿಜೆ ಕೂಲ್ ಹರ್ಕ್ ಒಂದೇ ಹಾಡಿನ ಎರಡು ಪ್ಲೇಟು ಹಾಕಿ, ರಾಗ ಬಿಟ್ಟು ಡ್ರಮ್ಮಿನ ತುಣುಕನ್ನಷ್ಟೇ ಮತ್ತೆಮತ್ತೆ ನುಡಿಸಿದರು. ಹಿಪ್-ಹಾಪ್ ಹುಟ್ಟಿದ್ದು ಆ ಹೊಡೆತದಿಂದ. 1973ರಲ್ಲೇ ಇತ್ತ ಮೈಸೂರಿನಲ್ಲಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯವನ್ನು ಬೂಸಾ ಎಂದು ಕರೆದು ಮಂತ್ರಿಗಿರಿ ಕಳೆದುಕೊಂಡರು. ಬ್ರಾಂಕ್ಸಿನ ಹೊಡೆತ ಬೆಂಗಳೂರಿಗೆ ಬಂದಾಗ ‘ಇದು ನಮ್ಮದು’ ಎನಿಸಲು ಭಜನೆಯೇ ಏಕೆ ಬೇಕಾಯಿತು? ಹೊಡೆತದ ವಾದ್ಯ ಊರಾಚೆ ಇರಲಿಲ್ಲವೆ?

ಇಷ್ಟು ಬರೆದು ‘ತಮಟೆ ಹಾಕ್ರಪ್ಪ’ ಎಂದುಬಿಡುವುದು ಸುಲಭ. ನನ್ನಿಂದ ಆಗದು. ಅಪ್ಪ ಊರಿನ ಸಾವಿಗೆ ತಮಟೆ ಬಡಿಯುತ್ತಿದ್ದುದು ಕಲೆಯೆಂದಲ್ಲ, ಬಿಟ್ಟಿ ಚಾಕರಿಯೆಂದು. ಗೆಳೆಯರ ಜೊತೆಗಿದ್ದಾಗ ಅವನನ್ನು ಕಂಡು ಬೇರೆ ಓಣಿಗೆ ತಿರುಗಿಕೊಂಡಿದ್ದೇನೆ. ಚಳವಳಿಯೊಳಗೂ ಈ ಜಗಳವಿತ್ತು: ತಮಟೆ ಬಿಸಾಕಬೇಕೆಂದವರು ಕೆಲವರು, ಅದನ್ನೇ ಮೆರವಣಿಗೆಯ ಮುಂದೆ ತಂದವರು ಕೆಲವರು. 2023ರಲ್ಲಿ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ ತಮಟೆಗಾಗಿ ಪದ್ಮಶ್ರೀ ಬಂತು. ಅಪ್ಪನಿಗೆ ಸುದ್ದಿ ಹೇಳಿದೆ. ‘ಕೂಲಿ ಎಷ್ಟಂತೆ?’ ಅಂದ.

ಈ ಮಾತನ್ನು ನಾನು ಯಾವ ವಿಮರ್ಶಾ ಗ್ರಂಥದಲ್ಲೂ ಓದಿರಲಿಲ್ಲ. 2021ರಲ್ಲಿ ತಮಿಳಿನ ‘ಎಂಜಾಯ್ ಎಂಜಾಮಿ’ ಬರೆದು ಹಾಡಿದ ದಲಿತ ಕವಿ ಅರಿವು, ಟೀಕೆ ಏಳುವವರೆಗೆ ‘ರೋಲಿಂಗ್ ಸ್ಟೋನ್ ಇಂಡಿಯಾ’ದ ಮುಖಪುಟದಲ್ಲಿರಲಿಲ್ಲ, ಜೊತೆಗೆ ಹಾಡಿದ ಧೀ ಇದ್ದರು. ಸದ್ದು ಒಳಗೆ ಬರುತ್ತದೆ, ಸದ್ದು ಮಾಡಿದವರು ಬಾಗಿಲಲ್ಲೇ ನಿಲ್ಲುತ್ತಾರೆ.

ಹುಡುಗರಿಗೆ ಈಗ ಹೇಳುವುದಿಷ್ಟೆ. ತಮಟೆ ಬೇಕಿದ್ದರೆ ಬಡಿಯುವವರನ್ನೇ ಕರೆಸಿ. ಯಂತ್ರದೊಳಗಿನ ಸದ್ದು ಎತ್ತಿಕೊಳ್ಳಬೇಡಿ. ಅವರು ಒಲ್ಲೆ ಅಂದರೆ ಆ ಮಾತನ್ನೂ ಕೇಳಿ. ಬಂದರೆ ಕೂಲಿ ಕೊಡಿ, ಹಾಡಿನ ಮೇಲೆ ಹೆಸರು ಹಾಕಿ. ಆಮೇಲೆ ಬೇಕಿದ್ರೆ ಮಚ್ಚಾ ಅನ್ನಿ.